ಹಳೇ ಹೊತ್ತಿನ ಆರು ಹನ್ನೆರಡು

"ವ್ಯಾನ್ ನೋಡಬೇಡ, ಬರ್ನಿ. ನೆರಳು ನೋಡು," ಎಂದ ಕೋಲ್ಮನ್ ಡಿವೇನಿ.

ಬರ್ನಿ ಮೋರನ್ ರಿಪೇರಿ ಅಂಗಡಿಯ ಕುರ್ಚಿಯನ್ನು ಅವನ ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಪರದೆಯ ಮೇಲೆ ಅವಳ ಗಂಡ ಫೀಲಿಮನ ಬಿಳಿ ವ್ಯಾನು ಓಣಿಯ ಬಾಯಲ್ಲಿ ನಿಂತಿತ್ತು. ಚಿತ್ರವನ್ನು ಕೋಲ್ಮನ್ ಅಲ್ಲಿಗೇ ತಡೆದು ನಿಲ್ಲಿಸಿದ್ದ. ಮೇಲುಮೂಲೆಯಲ್ಲಿ ಬಿಳಿಯ ಅಂಕಿಗಳು: ಮೇ ಎಂಟು, ಬೆಳಗ್ಗೆ ಆರು ಹನ್ನೆರಡು. ಆ ಅಂಕಿಗಳೇ ಎರಡು ವಾರದಿಂದ ಫೀಲಿಮನನ್ನು ಜೈಲಿನಲ್ಲಿ ಕೂರಿಸಿದ್ದವು.

"ಯಾವ ನೆರಳು?"

"ಗೇಟಿನ ಕಲ್ಲುಕಂಬದ್ದು. ಓಣಿ ಮೇಲೆ ಬಿದ್ದಿದೆ ನೋಡು. ಕಂಬದ ಎಷ್ಟು ಪಟ್ಟು ಉದ್ದ ಇದೆ?"

ಬರ್ನಿ ಬೆರಳಿಟ್ಟು ಅಳೆದಳು. "ನಾಲ್ಕು... ನಾಲ್ಕೂವರೆ."

"ಇವತ್ತು ಬೆಳಗ್ಗೆ ಆರು ಹನ್ನೆರಡಕ್ಕೆ ನಮ್ಮ ಅಂಗಳದ ಬೇಲಿಗೂಟ ಅಳೆದೆ. ಗೂಟದ ಎಂಟು ಪಟ್ಟು ಉದ್ದ ಬಿದ್ದಿತ್ತು. ಈಗ ಮೇ ಇಪ್ಪತ್ತೇಳು. ಎಂಟನೇ ತಾರೀಕು ಸೂರ್ಯ ಇದಕ್ಕಿಂತ ತಡವಾಗಿ ಏಳ್ತಿದ್ದ, ನೆರಳು ಇನ್ನೂ ಉದ್ದ ಇರಬೇಕಿತ್ತು. ಆ ಕಂಬದ ನೆರಳು ಓಣಿ ಉದ್ದಕ್ಕೂ ಮಲಗಿರಬೇಕಿತ್ತು."

"ಹಾಗಂದ್ರೆ?"

"ಹಾಗಂದ್ರೆ ಇದು ಆರು ಹನ್ನೆರಡರ ಬಿಸಿಲಲ್ಲ. ಏಳು ಹನ್ನೆರಡರ ಬಿಸಿಲು."

ಬರ್ನಿ ಶಾಲೆಯ ಅಡುಗೆಮನೆಗೆ ಹೊರಟಿದ್ದವಳು, ಕೆಲಸದ ಏಪ್ರನ್ನು ಕೋಟಿನ ಕೆಳಗೇ ಇತ್ತು. ಅದರ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಮ್ಯಾಲಕಿ ಕೆರಿಗನ್ ಎಂಬ ರೈತ ತನ್ನದೇ ಹೊಲದ ಗೋಡೆಯ ಹಿಂದೆ ತಲೆಯೊಡೆದು ಸತ್ತು ಬಿದ್ದಿದ್ದ. ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ರಾತ್ರಿ ಪಾಳಿ ಮಾಡುವ ಮಗಳ ಜೊತೆ ಆರು ಗಂಟೆಗೆ ಫೋನಿನಲ್ಲಿ ಮಾತಾಡಿದ್ದವನು, ಅವಳು ಆರೂವರೆಗೆ ಮತ್ತೆ ಮಾಡಿದಾಗ ಎತ್ತಲಿಲ್ಲ. ಅವನ ಮನೆಗೆ ಇರುವುದು ಒಂದೇ ಓಣಿ, ಆ ಓಣಿಯಲ್ಲಿರುವುದು ಎರಡೇ ಮನೆ. ಬಾಯಲ್ಲಿ ಆಂಬ್ರೋಸ್ ಹೆಸ್ಟರನದು, ತುದಿಯಲ್ಲಿ ಮ್ಯಾಲಕಿಯದು. ಆಂಬ್ರೋಸನ ಗೇಟಿನ ಮೇಲಿನ ಕ್ಯಾಮೆರಾದ ಕಣ್ಣು ತಪ್ಪಿಸಿ ಇಲಿಯೂ ಒಳಗೆ ಹೋಗುವಂತಿಲ್ಲ. ಪೊಲೀಸ್ ಸಾರ್ಜೆಂಟ್ ಟುಲ್ಲಿ ಐದೂಮುಕ್ಕಾಲರಿಂದ ಆರೂಮುಕ್ಕಾಲರವರೆಗಿನ ಒಂದು ಗಂಟೆಯನ್ನು ನಕಲು ಮಾಡಿಕೊಂಡು ಹೋದ. ಅದರಲ್ಲಿ ಇದ್ದದ್ದು ಫೀಲಿಮನ ವ್ಯಾನೊಂದೇ.

ಫೀಲಿಮನದು ಮನೆಮನೆಗೆ ಹೋಗಿ ಹಸುಗಳಿಗೆ ಸೂಜಿಯಲ್ಲಿ ಗರ್ಭ ಕಟ್ಟಿಸುವ ಕೆಲಸ. ಊರಿನವರ ಬಾಯಲ್ಲಿ ಅವನು 'ಹ್ಯಾಟು ಹಾಕಿದ ಹೋರಿ'. ಏಪ್ರಿಲಿನಲ್ಲಿ ಮ್ಯಾಲಕಿಯ ಮೂರು ಹಸುಗಳಿಗೆ ಗರ್ಭ ನಿಲ್ಲಲಿಲ್ಲ. ದನದ ಸಂತೆಯಲ್ಲಿ, ನಲವತ್ತು ಜನರ ಎದುರಿಗೆ, "ಹ್ಯಾಟಿನೊಳಗೆ ಹೋರಿ ಇಲ್ಲ, ಎತ್ತು ಇದೆ" ಎಂದು ಮ್ಯಾಲಕಿ ನಗಾಡಿದ. ನಿನ್ನ ತಲೆ ಒಡೆಯುತ್ತೇನೆ ಎಂದ ಫೀಲಿಮ್. ನಲವತ್ತು ಜನವೂ ಅದನ್ನು ನೆನಪಿಟ್ಟುಕೊಂಡರು.

"ಏಳರ ಮೇಲೇ ಹೋಗಿದ್ದು ಅಂತ ಅವನು ಮೊದಲ ದಿನದಿಂದ ಬಡ್ಕೋತಿದಾನೆ," ಎಂದಳು ಬರ್ನಿ. "ಮ್ಯಾಲಕಿ ಗೇಟು ಹಾಕಿತ್ತು, ಕೂಗಿದೆ, ಯಾರೂ ಬರಲಿಲ್ಲ, ವಾಪಸ್ ಬಂದೆ ಅಂತ. ನಾನೂ ನಂಬಲಿಲ್ಲ ಕೋಲ್ಮನ್. ಹೆಂಡತಿಯಾಗಿ ನಾನೇ ನಂಬಲಿಲ್ಲ. ಯಂತ್ರ ಯಾಕೆ ಸುಳ್ಳು ಹೇಳುತ್ತೆ ಅಂದೆ ಅವನಿಗೆ."

"ಯಂತ್ರ ಸುಳ್ಳು ಹೇಳಿಲ್ಲ," ಎಂದ ಕೋಲ್ಮನ್. "ಸುಳ್ಳು ಹೇಳಿದ್ದು ನಾನು."

ಅವನು ತನ್ನ ರಿಪೇರಿ ಚೀಟಿ ಪುಸ್ತಕವನ್ನು ಅವಳ ಮುಂದಿಟ್ಟ. ಮೇ ಹತ್ತು, ಶನಿವಾರ. ಆ ದಿನ ಕರೆಂಟು ಹೋಗಿ ಬಂದ ಮೇಲೆ ಆಂಬ್ರೋಸನ ಕ್ಯಾಮೆರಾದ ಚಿತ್ರ ತುಂಬಿಡುವ ರೆಕಾರ್ಡರಿನ ಗಡಿಯಾರ ಎರಡು ಸಾವಿರದ ಇಸವಿಯ ಜನವರಿ ಒಂದಕ್ಕೆ ಓಡಿಹೋಗಿತ್ತು. ಹಳೆಯ ಪೆಟ್ಟಿಗೆಗಳ ಮಾಮೂಲಿ ಕಾಯಿಲೆ ಅದು: ಒಳಗಿನ ಗುಂಡಿಯಂಥ ಸೆಲ್ಲು ಸತ್ತಿರುತ್ತದೆ, ಕರೆಂಟು ಇರುವವರೆಗೆ ಗೊತ್ತಾಗುವುದಿಲ್ಲ. ಕೋಲ್ಮನ್ ಹೋಗಿ ಹೊಸ ಸೆಲ್ಲು ಹಾಕಿದ. ತನ್ನ ಕೈಗಡಿಯಾರ ನೋಡಿ ಹೊತ್ತು ಕೂರಿಸಿದ. 'ಗಡಿಯಾರ ಸರಿಪಡಿಸಿದೆ' ಎಂದು ಬರೆದು ಸಹಿ ಹಾಕಿದ. ಸೋಮವಾರ ಬಂದ ಸಾರ್ಜೆಂಟು ನೋಡಿದರೆ ಗಡಿಯಾರ ನಿಮಿಷಕ್ಕೆ ನಿಮಿಷ ಸರಿ.

"ಕರೆಂಟ್ ಹೋಗೋಕೆ ಮುಂಚೆ ಹೊತ್ತು ಹೇಗಿತ್ತು ಅಂತ ಟುಲ್ಲಿ ಕೇಳಿದ," ಎಂದ ಕೋಲ್ಮನ್. "ಕರೆಂಟ್ ಇರೋವರೆಗೆ ಈ ಗಡಿಯಾರ ತಪ್ಪಲ್ಲ, ಸರಿಯಾಗೇ ನಡೀತಿತ್ತು ಅಂದೆ. ಬರ್ಕೊಂಡ. ಸಹಿ ಹಾಕಿಸ್ಕೊಂಡ. ಆ ಸಹಿ ಮೇಲೇ ನಿನ್ನ ಗಂಡನ್ನ ಒಳಗೆ ಹಾಕಿರೋದು."

"ಸರಿಯಾಗೇ ನಡೀತಿತ್ತಲ್ಲ?"

"ನಡೀತಿತ್ತು. ಆದ್ರೆ ಆಂಬ್ರೋಸನ ಹೊತ್ತಿನಲ್ಲಿ."

ಬರ್ನಿಗೆ ಆಗ ಹೊಳೆಯಿತು. ಅವಳ ಬಾಯಿ ಅರ್ಧ ತೆರೆಯಿತು.

ಮಾರ್ಚಿಯ ಕೊನೆಯ ಭಾನುವಾರ, ಬೇಸಿಗೆಯ ಬೆಳಕು ಉಳಿಸಲೆಂದು, ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಅಕ್ಟೋಬರಿನಲ್ಲಿ ಹಿಂದಕ್ಕೆ. ಹಸುಗಳಿಗೆ ಇದಾವುದೂ ತಿಳಿಯದು. ಅವುಗಳ ಕೆಚ್ಚಲು ಸರ್ಕಾರದ ಮಾತು ಕೇಳುವುದಿಲ್ಲ. ಹಿಂದೆ ಈ ಸೀಮೆಯ ಅರ್ಧ ಮನೆಗಳಲ್ಲಿ ಬೇಸಿಗೆ ಪೂರ್ತಿ ಗಡಿಯಾರ ಮುಟ್ಟದೆ 'ಹಳೇ ಹೊತ್ತು' ನಡೆಯುತ್ತಿತ್ತು. ಕೋಲ್ಮನನ ಅಪ್ಪನೂ ಸಾಯುವವರೆಗೆ ಅದನ್ನೇ ಇಟ್ಟುಕೊಂಡಿದ್ದ. ಒಬ್ಬೊಬ್ಬರೇ ಬಿಟ್ಟರು. ಬಿಡದೆ ಉಳಿದವನು ಆಂಬ್ರೋಸ್ ಹೆಸ್ಟರ್ ಒಬ್ಬನೇ. ಹನ್ನೊಂದಕ್ಕೆ ಇದ್ದ ಶವಸಂಸ್ಕಾರಕ್ಕೆ ಅವನು ಹನ್ನೆರಡಕ್ಕೆ ಬಂದು, ಮುಚ್ಚಿದ ಗುಂಡಿಯ ಎದುರು ನಿಂತು, "ನಿಮಗೆಲ್ಲ ಏನು ಅವಸರ" ಎಂದು ಗದರಿದ ಕತೆಯನ್ನು ಇಡೀ ಊರು ಹೇಳಿಕೊಂಡು ನಗುತ್ತದೆ.

ಆ ಕತೆಯನ್ನು ಕೋಲ್ಮನ್ನೂ ನೂರು ಸಲ ಹೇಳಿದ್ದ. ಹೇಳಿದವನೇ ಆ ಶನಿವಾರ, ಆ ಮನೆಯ ಗಡಿಯಾರವನ್ನು ಮುಟ್ಟುವಾಗ, ಮೊದಲು ಇದು ಯಾವ ಹೊತ್ತು ತೋರಿಸುತ್ತಿತ್ತು ಎಂದು ಕೇಳಲಿಲ್ಲ. ಮೂವತ್ತು ವರ್ಷದ ಕಸುಬು. ಬಡಗಿಯ ಮನೆಯ ಬಾಗಿಲೇ ಸೊಟ್ಟ ಎನ್ನುತ್ತಾರಲ್ಲ, ಹಾಗಾಯಿತು.

"ಹಾಗಾದ್ರೆ ವಕೀಲರಿಗೆ ಫೋನ್ ಮಾಡ್ತೀನಿ," ಬರ್ನಿ ಎದ್ದಳು.

"ಮಾಡಿಯಾಯ್ತು. ನೆರಳಿನ ಲೆಕ್ಕ ಅಂದ್ರೆ ತಜ್ಞರು, ವಾದ, ಪ್ರತಿವಾದ, ಕ್ರಿಸ್‌ಮಸ್ ಆಗುತ್ತೆ ಅಂದ್ರು. ಮನೆಯವನೇ 'ನನ್ನ ಯಂತ್ರ ಹಳೇ ಹೊತ್ತಲ್ಲಿತ್ತು' ಅಂತ ಒಂದು ಸಾಲು ಬರೆದು ಸಹಿ ಹಾಕಿದ್ರೆ ಗುರುವಾರವೇ ಜಾಮೀನು ಅಂತೆ."

"ಪೋಸ್ಟಿನವಳು ಇದ್ದಾಳಲ್ಲ? ಹೆಣ ನೋಡಿದವಳು ಅವಳೇ, ಎಂಟೂವರೆಗೆ ಅಂತ ಎಲ್ಲರಿಗೂ ಗೊತ್ತು. ಅವಳ ಸೈಕಲ್ಲು ಇದರಲ್ಲಿ ಏಳೂವರೆಗೆ ಕಂಡರೆ..."

"ಅದನ್ನೇ ಹುಡುಕಿದೆ." ಕೋಲ್ಮನ್ ರೆಕಾರ್ಡರಿನ ಕಡೆ ತಲೆ ಅಲ್ಲಾಡಿಸಿದ. ಮುಚ್ಚಳ ತೆಗೆದ ಪೆಟ್ಟಿಗೆಯೊಳಗೆ ಡಿಸ್ಕು ಟಕ್ ಎನ್ನುತ್ತಿತ್ತು, ಸ್ವಲ್ಪ ತಡೆದು ಮತ್ತೆ ಟಕ್. "ಐದು ಗಂಟೆಯಿಂದ ಆರೂಕಾಲರವರೆಗೆ ಓದಿತು. ಅಲ್ಲಿಂದಾಚೆ ಹುಣ್ಣಾಗಿ ಹೋಗಿದೆ. ಓದೋ ಮುಳ್ಳು ಅಲ್ಲಿಗೆ ಹೋದ ಕೂಡ್ಲೆ ತಲೆ ಚಚ್ಚಿಕೊಳ್ಳುತ್ತೆ."

ಆ ಹುಣ್ಣೇ ಒಂದು ರೀತಿಯಲ್ಲಿ ಉಪಕಾರ ಮಾಡಿತ್ತು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತ ಇಪ್ಪತ್ತು ದಿನದ ಚಿತ್ರ ಇಟ್ಟುಕೊಳ್ಳುವ ಪೆಟ್ಟಿಗೆ ಅದು. ಒಂದು ವಾರದ ಹಿಂದೆ ಬರೆಯುವುದನ್ನೇ ನಿಲ್ಲಿಸಿತ್ತು. ಕೆಂಪು ದೀಪ ಮಿಣುಕುತ್ತ ದಿನವೆಲ್ಲ ಕಿರುಗುಟ್ಟುತ್ತಿದೆ ಎಂದು ಆಂಬ್ರೋಸನ ತಂಗಿ ಡೀಲಿಯಾ ನಿನ್ನೆ ಫೋನ್ ಮಾಡಿದ್ದಳು. ಅಣ್ಣ ಸಂತೆಗೆ ಹೋಗಿದ್ದ. ಪೆಟ್ಟಿಗೆಯನ್ನು ತಾನೇ ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ಕೆಟ್ಟಿರದಿದ್ದರೆ ಮೇ ಎಂಟು ನಾಳೆ ಅಳಿದುಹೋಗುತ್ತಿತ್ತು.

"ಇವತ್ತೇ ಹೋಗಿ ಸಹಿ ತನ್ನಿ," ಎಂದಳು ಬರ್ನಿ. ಬಾಗಿಲ ಬಳಿ ತಿರುಗಿ ನಿಂತಳು. "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳಬೇಕು ಅಂದ್ಕೊಂಡೆ. ಹೇಳೋಕಾಗ್ತಿಲ್ಲ."

"ಹೇಳಬೇಡ," ಎಂದ ಕೋಲ್ಮನ್.

ಅವಳ ಕಾರಿನ ಸದ್ದು ಅಡಗಿದ ಮೇಲೆ ಅವನು ಚಹಾ ಬೆರೆಸಿಕೊಂಡ. ಕುಡಿಯುವುದು ಮರೆಯಿತು.

ಟುಲ್ಲಿ ನೋಡಿದ ಗಂಟೆ ಕೊಲೆಯ ಗಂಟೆಯಲ್ಲ. ಹಳೇ ಹೊತ್ತೇ ನಿಜವಾದರೆ ಮ್ಯಾಲಕಿ ಸತ್ತ ಗಂಟೆ ಈ ಪೆಟ್ಟಿಗೆಯಲ್ಲಿ ಐದರಿಂದ ಐದೂವರೆಯ ಒಳಗೆ ಇರಬೇಕು. ಅದನ್ನು ಟುಲ್ಲಿ ನೋಡಿಯೇ ಇಲ್ಲ. ಯಾರೂ ನೋಡಿಲ್ಲ. ಕೋಲ್ಮನ್ ಬೆಳಗ್ಗೆ ನಕಲು ಇಳಿಸಿಕೊಂಡಿದ್ದ, ತಾನೂ ಇನ್ನೂ ನೋಡಿರಲಿಲ್ಲ.

ಹಾಕಿದ.

ಐದು ಗಂಟೆ ಮೂರು ನಿಮಿಷ. ಖಾಲಿ ಓಣಿ. ಕಂಬದ ಉದ್ದನೆಯ ನೆರಳು. ಬೇಲಿಯ ಮೇಲೆ ಬಿಳಿಯ ಹೂವು. ಒಂದು ಬೆಕ್ಕು ಅಡ್ಡ ಹೋಯಿತು.

ಐದು ಎಂಟು. ಹೆಸ್ಟರ್ ಮನೆಯ ಗೇಟಿನಿಂದ ಒಂದು ಆಕೃತಿ ಹೊರಬಂತು. ಮೊಣಕಾಲ ಕೆಳಗಿನವರೆಗೆ ಇಳಿಬಿದ್ದ ಹಸಿರು ಮಳೆಕೋಟು, ಕಿವಿಯವರೆಗೆ ಎಳೆದ ಚಪ್ಪಟೆ ಟೋಪಿ, ಕೈಯಲ್ಲಿ ಉದ್ದ ಹಿಡಿಕೆಯ ಸಲಿಕೆ. ಕ್ಯಾಮೆರಾಕ್ಕೆ ಬೆನ್ನು ಮಾಡಿ ಮ್ಯಾಲಕಿಯ ಮನೆಯ ಕಡೆ ಹೋಯಿತು.

ಐದು ಇಪ್ಪತ್ತಾರು. ಅದೇ ಕೋಟು ವಾಪಸು ಬಂತು. ತಲೆ ಬಗ್ಗಿತ್ತು, ಮುಖ ಟೋಪಿಯ ಮರೆಯಲ್ಲಿತ್ತು. ಕೈಯಲ್ಲಿ ಸಲಿಕೆ ಇರಲಿಲ್ಲ.

ಆ ಕೋಟು ಯಾರದೆಂದು ಊರಿನ ನಾಯಿಗಳಿಗೂ ಗೊತ್ತು. ಇಪ್ಪತ್ತು ವರ್ಷದಿಂದ ಆಂಬ್ರೋಸ್ ಬೇರೆ ಕೋಟು ಹಾಕಿದ್ದನ್ನು ಯಾರೂ ಕಂಡಿಲ್ಲ. ಕೋಲ್ಮನನ ಅಪ್ಪ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟವನು ಆಂಬ್ರೋಸ್. ಕೋಲ್ಮನ್ ಈ ಅಂಗಡಿ ತೆರೆದಾಗ ಕೆಡದೇ ಇದ್ದ ರೇಡಿಯೋವನ್ನು ರಿಪೇರಿಗೆ ತಂದುಕೊಟ್ಟವನು.

ಆದರೆ ಆ ನಡಿಗೆ. ಎಡಸೊಂಟ ಹೆಜ್ಜೆಗೊಮ್ಮೆ ಕುಸಿಯುತ್ತಿತ್ತು. ಕೋಟು ಅಷ್ಟು ಕೆಳಗೆ ಇಳಿಬಿದ್ದದ್ದಾದರೂ ಏಕೆ? ಆಂಬ್ರೋಸನಿಗೆ ಅದು ತೊಡೆಯವರೆಗಷ್ಟೇ ಬರುತ್ತದೆ.

ಆ ರೆಕಾರ್ಡರಿಗೆ ಇನ್ನೊಂದು ಕ್ಯಾಮೆರಾ ಉಂಟು, ಹಾಲು ಕರೆಯುವ ಕೊಟ್ಟಿಗೆಯಲ್ಲಿ. ಕರು ಹಾಕುವ ಹಸುಗಳನ್ನು ಮನೆಯೊಳಗಿಂದ ನೋಡಲು ಕೋಲ್ಮನ್ನೇ ಹಾಕಿಕೊಟ್ಟದ್ದು. ಅವನು ಅದರ ನಕಲನ್ನು ತೆರೆದು ಐದು ಹನ್ನೆರಡಕ್ಕೆ ತಂದ.

ಕೊಟ್ಟಿಗೆಯ ಹಳದಿ ಬೆಳಕಿನಲ್ಲಿ, ಎರಡು ಸಾಲು ಹಸುಗಳ ನಡುವೆ, ಬರಿದಲೆಯ ಆಂಬ್ರೋಸ್ ನಿಂತಿದ್ದ. ತೋಳು ಮಡಿಸಿದ ಅಂಗಿ. ಒಂದು ಹಸುವಿನ ಕೆಚ್ಚಲಿಗೆ ಯಂತ್ರದ ಬಟ್ಟಲುಗಳನ್ನು ಸಿಕ್ಕಿಸುತ್ತಿದ್ದ. ಐದು ಇಪ್ಪತ್ತಕ್ಕೂ ಅಲ್ಲೇ ಇದ್ದ. ಐದೂವರೆಗೂ ಅಲ್ಲೇ.

ಆ ಮನೆಯಲ್ಲಿ ಇರುವವರು ಇಬ್ಬರೇ.

*

ಹೆಸ್ಟರ್ ಮನೆಯ ಅಂಗಳಕ್ಕೆ ಕೋಲ್ಮನ್ ಹೋದಾಗ ಎರಡು ಗಂಟೆ. ಇಬ್ಬರೂ ಊಟಕ್ಕೆ ಕೂತಿದ್ದರು.

"ಬಾ ಬಾ, ಸರಿಯಾದ ಹೊತ್ತಿಗೇ ಬಂದೆ," ಎಂದ ಆಂಬ್ರೋಸ್. ಎಪ್ಪತ್ತನಾಲ್ಕು ವರ್ಷ, ಬಾಗಿಲ ಚೌಕಟ್ಟಿನಷ್ಟು ಎತ್ತರ. "ಡೀಲಿಯಾ, ಒಂದು ತಟ್ಟೆ ತಾ. ಇವನ ಹೆಂಡತಿ ಹೋದಮೇಲೆ ಇವನು ಡಬ್ಬಿ ಒಡೆದು ತಿನ್ನೋದೊಂದೇ."

"ಬೇಡ. ಆಗಿದೆ."

"ಆಗಿದೆಯಂತೆ! ಚಹಾದಲ್ಲಿ ಬ್ರೆಡ್ ಅದ್ದಿಕೊಂಡಿರ್ತೀಯ. ಕೂತ್ಕೋ."

ಡೀಲಿಯಾ ತಟ್ಟೆ ತಂದಿಟ್ಟಳು. ಸಣ್ಣ ಆಕಾರ, ಬಿಗಿಯಾಗಿ ಕಟ್ಟಿದ ಬಿಳಿ ಕೂದಲು. ಮೇಜಿಗೂ ಒಲೆಗೂ ನಡುವೆ ನಡೆಯುವಾಗ ಎಡಗೈಯಿಂದ ಕುರ್ಚಿಯ ಬೆನ್ನು ಹಿಡಿದು ಸೊಂಟವನ್ನು ಸರಿಮಾಡಿಕೊಂಡಳು. ಕೋಲ್ಮನ್ ಕಣ್ಣು ಬೇರೆ ಕಡೆ ತಿರುಗಿಸಿದ.

"ನನ್ನ ಪೆಟ್ಟಿಗೆ ನಿನ್ನ ಹತ್ರ ಇದೆಯಂತೆ," ಎಂದ ಆಂಬ್ರೋಸ್, ಆಲೂಗಡ್ಡೆಯ ಸಿಪ್ಪೆಯನ್ನು ಚಾಕುವಿನ ತುದಿಯಲ್ಲಿ ಸುಲಿಯುತ್ತ. ಸ್ವರ ಹಗುರವಾಗಿತ್ತು. ಕಣ್ಣು ಹಗುರವಾಗಿರಲಿಲ್ಲ. "ಇವಳು ಹೇಳಿದ್ದು ಇವತ್ತು ಬೆಳಗ್ಗೆ. ಬಿಸಾಕಿಬಿಡು ಅದನ್ನ. ಹೊಸದು ತಗೋತೀನಿ."

"ಬಿಸಾಕೋಕೆ ಮುಂಚೆ ಒಂದು ಮಾತು ಕೇಳಬೇಕಿತ್ತು. ಕರೆಂಟ್ ಹೋಗೋಕೆ ಮುಂಚೆ ಅದರಲ್ಲಿ ಯಾವ ಹೊತ್ತು ಇಟ್ಟಿದ್ರಿ?"

"ಯಾವ ಹೊತ್ತು ಅಂದ್ರೆ?"

"ಹಳೇದೋ, ಹೊಸದೋ?"

"ಹೊಸದು."

ಚಾಕು ನಿಲ್ಲಲಿಲ್ಲ. ಸಿಪ್ಪೆ ಒಂದೇ ಎಳೆಯಾಗಿ ತಟ್ಟೆಯ ಅಂಚಿಗೆ ಇಳಿಯಿತು.

"ನೀವು? ಹೊಸ ಹೊತ್ತು?"

"ಈ ಮಾರ್ಚಿಯಲ್ಲಿ ಬದಲಾಯಿಸ್ದೆ. ಎಷ್ಟು ವರ್ಷ ಅಂತ ಊರಿಗೆಲ್ಲ ನಗೆಪಾಟಲಾಗಿರೋದು? ನೋಡು ಬೇಕಾದ್ರೆ."

ಒಲೆಯ ಮೇಲಿನ ಗೋಡೆಗಡಿಯಾರ ಎರಡು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ಕೋಲ್ಮನನಿಗೆ ಆ ಗಡಿಯಾರ ಬುದ್ಧಿ ಬಂದಾಗಿನಿಂದ ಗೊತ್ತು. ಬೇಸಿಗೆಯಲ್ಲಿ ಅದು ಎಂದೂ ಸರ್ಕಾರದ ಹೊತ್ತು ತೋರಿಸಿದ್ದಿಲ್ಲ.

ಅವನು ತಟ್ಟೆಗಳನ್ನು ನೋಡಿದ. ಬೇಯಿಸಿದ ಹಂದಿಮಾಂಸ, ಎಲೆಕೋಸು, ಹಬೆಯಾಡುವ ಆಲೂಗಡ್ಡೆ.

"ಈ ಮನೆಯಲ್ಲಿ ಊಟ ಯಾವಾಗಲೂ ಒಂದಕ್ಕೆ," ಎಂದ. "ನಮ್ಮಪ್ಪ ಹೇಳ್ತಿದ್ದ, ಹೆಸ್ಟರ್ ಮನೆಯ ಆಲೂಗಡ್ಡೆ ನೋಡಿ ಚರ್ಚಿನ ಗಂಟೆ ಹೊಡೀಬಹುದು ಅಂತ. ಈಗ ಎರಡಾಯ್ತು ಆಂಬ್ರೋಸ್. ಗಡಿಯಾರ ಹೊಸ ಹೊತ್ತಿಗೆ ಬಂದಿದೆ. ಆಲೂಗಡ್ಡೆ ಇನ್ನೂ ಹಳೇದರಲ್ಲೇ ಇದೆ."

ಆಂಬ್ರೋಸ್ ಚಾಕು ಕೆಳಗಿಟ್ಟ.

"ತಿನ್ನೋಕೆ ಕರೆದ್ರೆ ತಿನ್ನಬೇಕು. ಊಟದ ಮೇಲೆ ತನಿಖೆ ಮಾಡಬಾರದು."

"ಫೀಲಿಮ್ ಮೋರನ್‌ಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದಿದಾಳೆ. ಕೊಲೆಗಾರನ ಮಗಳು ಅಂತಾರಂತೆ."

"ಗೊತ್ತು."

"ಗೊತ್ತಿದ್ದೂ?"

"ಅವನು ಆರು ಹನ್ನೆರಡಕ್ಕೆ ಹೋದ. ಯಂತ್ರ ಹೇಳಿದೆ. ನೀನೇ ಸಹಿ ಹಾಕಿದೀಯ, ಯಂತ್ರ ಸರಿ ಅಂತ. ನಾನೇನು ಸೇರಿಸಬೇಕು ಅದಕ್ಕೆ?"

ಮಾತು ಬಂದು ತಾಗಿದ್ದು ಸರಿಯಾದ ಜಾಗಕ್ಕೇ. ಕೋಲ್ಮನನಿಗೆ ಜೈಲಿನೊಳಗೆ ಕೂತವನ ನೆನಪು ಬಂತು, ಏಪ್ರನ್ನಿನ ಅಂಚು ಮಡಿಸುತ್ತಿದ್ದವಳ ನೆನಪು ಬಂತು.

"ನಲವತ್ತು ವರ್ಷ ಹಳೇ ಹೊತ್ತಿಗೋಸ್ಕರ ಪಾದ್ರಿ ಜೊತೆ, ಬ್ಯಾಂಕಿನವರ ಜೊತೆ, ಹಾಲಿನ ಲಾರಿಯವನ ಜೊತೆ ಜಗಳ ಆಡಿದವರು ನೀವು," ಎಂದ. "ಸೂರ್ಯನ ಹತ್ರ ಯಾರೂ ಸಹಿ ಹಾಕಿಸ್ಕೊಂಡಿಲ್ಲ ಅಂತಿದ್ರಿ. ಒಬ್ಬ ಬದುಕಿರೋ ಮನುಷ್ಯನಿಗೋಸ್ಕರ ಒಂದು ಸಾಲು ಬರೆಯೋಕೆ ಆಗಲ್ವಾ?"

"ಆಗಲ್ಲ."

"ಯಾಕೆ?"

"ಆಗಲ್ಲ ಅಂದೆ. ಎದ್ದು ಹೋಗು ಕೋಲ್ಮನ್. ನಿಮ್ಮಪ್ಪನ ಮುಖ ನೋಡಿ ಮೆಲ್ಲಗೆ ಹೇಳ್ತಿದೀನಿ."

ಡೀಲಿಯಾ ತನ್ನ ತಟ್ಟೆಯನ್ನು ಎತ್ತಿಕೊಂಡು ತೊಟ್ಟಿಯ ಕಡೆ ಹೋದಳು. ಅವಳು ಒಂದು ತುತ್ತೂ ತಿಂದಿರಲಿಲ್ಲ. ನಲ್ಲಿ ತಿರುಗಿಸಿದಳು. ನೀರು ಬೀಳತೊಡಗಿತು.

ಕೋಲ್ಮನ್ ಎದ್ದ. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಹಸಿರು ಕೋಟಿನ ಎದುರು ನಿಂತ. ಕೇಳಬಾರದೆಂದುಕೊಂಡೇ ಬಂದಿದ್ದ. ಸಹಿ ಸಿಕ್ಕಿದರೆ ಸಾಕು, ಉಳಿದದ್ದನ್ನು ಯಾರಾದರೂ ನೋಡಲಿ, ತನ್ನ ಬಾಯಿಂದ ಬಾರದಿರಲಿ ಎಂದುಕೊಂಡಿದ್ದ.

"ಡಿಸ್ಕ್ ಅಳಿದಿಲ್ಲ, ಆಂಬ್ರೋಸ್," ಎಂದ. "ಐದರಿಂದ ಆರೂಕಾಲರವರೆಗೆ ಇದೆ. ಐದು ಎಂಟಕ್ಕೆ ಈ ಕೋಟು ಗೇಟು ದಾಟುತ್ತೆ. ಕೈಯಲ್ಲಿ ಸಲಿಕೆ. ಬರುವಾಗ ಸಲಿಕೆ ಇಲ್ಲ."



ಆಂಬ್ರೋಸ್ ತನ್ನ ಕೈಗಳನ್ನು ನೋಡಿಕೊಂಡ. ದೊಡ್ಡ, ಬಿರಿದ ಕೈಗಳು. ಮೇಜಿನ ಮೇಲೆ ಅವು ಕಡಿದಿಟ್ಟ ಬೇರಿನಂತೆ ಬಿದ್ದಿದ್ದವು.

"ನೀನಲ್ದೆ ಇನ್ಯಾರು ನೋಡಿದಾರೆ?"

"ಯಾರೂ ಇಲ್ಲ."

"ಇನ್ನೊಂದು ನಕಲು?"

"ಒಂದೇ. ನನ್ನ ಜೇಬಲ್ಲಿದೆ."

"ಹಾಗಿದ್ರೆ ಕೂತ್ಕೋ." ಮುದುಕನ ಸ್ವರ ಈಗ ಬೇರೆಯಾಗಿತ್ತು. ಸಂತೆಯಲ್ಲಿ ಕೊನೆಯ ಬೆಲೆ ಹೇಳುವವನ ಸ್ವರ. "ಕಾಗದ ತೆಗಿ. ಬರೀತೀನಿ. ಪೆಟ್ಟಿಗೆ ಹಳೇ ಹೊತ್ತಲ್ಲಿತ್ತು. ಫೀಲಿಮ್ ಹೋದದ್ದು ಏಳು ಹನ್ನೆರಡಕ್ಕೆ. ಆರು ಎಂಟಕ್ಕೆ ಹೋದವನು ನಾನು. ಕೋಟು ನಂದು, ಸಲಿಕೆ ನಂದು. ಸಾಕಾ?"

ಕೋಲ್ಮನ್ ಕಾಗದ ತೆಗೆಯಲಿಲ್ಲ. "ಆ ಹೊತ್ತಲ್ಲಿ ನೀವು ಕೊಟ್ಟಿಗೇಲಿ ಇದ್ರಿ."

"ಯಾರು ಹೇಳಿದ್ದು?"

"ಎರಡನೇ ಕ್ಯಾಮೆರಾ. ನೀವು ಹಾಲು ಕರೀತಿದ್ರಿ. ಪೆಟ್ಟಿಗೆಯ ಹೊತ್ತಲ್ಲಿ ಐದೂವರೆವರೆಗೂ."

ಆಂಬ್ರೋಸ್ ಕಣ್ಣು ಮುಚ್ಚಿಕೊಂಡ. ತೆರೆದಾಗ ಅವು ಒದ್ದೆಯಾಗಿದ್ದವು. ಆದರೆ ಸ್ವರ ಅಲುಗಲಿಲ್ಲ.

"ಎರಡನೇ ಕ್ಯಾಮೆರಾ ಬಗ್ಗೆ ಟುಲ್ಲಿಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ಅದು ಇಲ್ಲ. ಕರು ನೋಡೋ ಕ್ಯಾಮೆರಾ, ಯಾರಿಗೆ ಬೇಕು? ನೋಡು ಕೋಲ್ಮನ್, ನಿನಗೆ ಬೇಕಾದದ್ದು ಏನು? ನೀನು ಒಳಗೆ ಹಾಕಿದವನು ಹೊರಗೆ ಬರಬೇಕು. ಬರ್ತಾನೆ. ನನಗೆ ಎಪ್ಪತ್ತನಾಲ್ಕು. ಹಸು ಮಾರಿದ್ರೆ ನಾನು ಎಲ್ಲಿ ಕೂತರೂ ಒಂದೇ. ಅವಳು ಅಲ್ಲಿ ಒಂದು ವಾರ ಬದುಕಲ್ಲ."

"ಯಾಕೆ ಮಾಡಿದ್ದು ಅಂತಾದ್ರೂ..."

"ಅದನ್ನ ನನ್ನ ಕೇಳಬೇಡ. ನಾನೂ ಕೇಳಿಲ್ಲ. ಮ್ಯಾಲಕಿ ಹೆಸರು ಅವಳ ಬಾಯಲ್ಲಿ ಬಂದು ಮೂವತ್ತು ವರ್ಷ ಆಯ್ತು. ಯಾಕೆ ಅಂತ ಆಗಲೇ ಕೇಳಬೇಕಿತ್ತು. ಹಸು, ಹುಲ್ಲು, ಹೊತ್ತು ಅಂತ ಇದ್ದುಬಿಟ್ಟೆ." ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನಿನ್ನ ತಪ್ಪು ನೀನು ಸರಿಮಾಡ್ಕೋ. ನಂದು ನಾನು ಮಾಡ್ಕೋತೀನಿ."

"ತಪ್ಪು ಮಾಡದವನೊಬ್ಬನನ್ನ ಬಿಡಿಸೋಕೆ ಇನ್ನೊಬ್ಬನನ್ನ ಒಳಗೆ ಹಾಕೋದಾ? ಆಂಬ್ರೋಸ್, ಇದು ರಿಪೇರಿ ಅಲ್ಲ."

"ಹಾಗಿದ್ರೆ ಆ ಚಿತ್ರ ಪೂರ್ತಿ ತಗೊಂಡು ಹೋಗು ಠಾಣೆಗೆ. ಅವಳ ಕಣ್ಣೆದುರಿಗೇ ತಗೊಂಡು ಹೋಗು."

ಡೀಲಿಯಾ ತಿರುಗಿ ನೋಡಲಿಲ್ಲ. ಅದೇ ತಟ್ಟೆಯನ್ನು ನೀರಿಗೆ ಹಿಡಿದೇ ಇದ್ದಳು. ಕೋಲ್ಮನ್ ಅವಳ ಬೆನ್ನನ್ನು ನೋಡಿದ. ಅಂಗಿಯ ಕೆಳಗೆ ಎರಡು ಹೆಗಲೆಲುಬು, ಒಂದು ತುಸು ತಗ್ಗಿ. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದ ನಾಲ್ಕು ತಿಂಗಳು ಪ್ರತಿ ಭಾನುವಾರ ಅವನ ಮೆಟ್ಟಿಲ ಮೇಲೆ ಬಿಸಿ ಬ್ರೆಡ್ಡು ಇಟ್ಟು, ಬಾಗಿಲು ತಟ್ಟದೆ ಹೋದವಳು.

ಆಂಬ್ರೋಸ್ ಗೋಡೆಯ ಫೋನಿನ ಹತ್ತಿರ ಹೋಗಿದ್ದ. ಈ ಕಣಿವೆಯಲ್ಲಿ ಮೊಬೈಲು ಹಿಡಿಯುವುದಿಲ್ಲ. ಸುರುಳಿ ತಂತಿಯ ಹಳೆಯ ಫೋನು ಅದು. ಕನ್ನಡಕವಿಲ್ಲದೆ ಅಂಕಿಗಳನ್ನು ಒಂದೊಂದಾಗಿ ಒತ್ತಿದ. ಕೋಲ್ಮನ್ ತಡೆಯಬೇಕೆಂದುಕೊಂಡ. ತಡೆಯಲಿಲ್ಲ.

"ಸಾರ್ಜೆಂಟ್ ಟುಲ್ಲಿನಾ? ಆಂಬ್ರೋಸ್ ಹೆಸ್ಟರ್. ಹಾಂ, ಚೆನ್ನಾಗಿದೀನಿ. ಕೇಳು, ಆ ಗರ್ಭ ಕಟ್ಟಿಸೋ ಮೋರನ್ನನ್ನ ಬಿಟ್ಟುಬಿಡು. ಮ್ಯಾಲಕಿ ಕೆರಿಗನ್ ಸತ್ತದ್ದು ನನ್ನ ಕೈಲಿ... ಇಲ್ಲ, ಕುಡಿದಿಲ್ಲ. ನನ್ನ ಪೆಟ್ಟಿಗೆ ಒಂದು ಗಂಟೆ ಹಿಂದಿತ್ತು. ಹಾಂ. ಹಳೇ ಹೊತ್ತು. ಚಿತ್ರ ಇದೆ. ಕೋಲ್ಮನ್ ಡಿವೇನಿ ನೋಡಿದಾನೆ, ಇಲ್ಲೇ ನಿಂತಿದಾನೆ."

ಅವನು ಫೋನನ್ನು ಕೋಲ್ಮನನ ಕಡೆ ಚಾಚಿದ. ತುಟಿಗಳು ಸದ್ದಿಲ್ಲದೆ ಆಡಿದವು: ದಮ್ಮಯ್ಯ.

ಕೋಲ್ಮನ್ ಫೋನನ್ನು ಕಿವಿಗೆ ಇಟ್ಟುಕೊಂಡ.

"ಕೋಲ್ಮನ್?" ಟುಲ್ಲಿಯ ಉಸಿರು ಜೋರಾಗಿತ್ತು, ಆಗಲೇ ಎದ್ದು ನಿಂತು ಕೋಟು ಹಾಕಿಕೊಳ್ಳುತ್ತಿದ್ದವನಂತೆ. "ಏನಿದು? ನಿಜಾನಾ? ನೀನು ಹೂಂ ಅಂದ್ರೆ ಮೋರನ್ ಸಂಜೆ ಒಳಗೆ ಮನೇಲಿರ್ತಾನೆ. ಆದ್ರೆ ಈ ಸಲ ಸರಿಯಾಗಿ ಯೋಚನೆ ಮಾಡಿ ಹೇಳು. ನೀನು ನೋಡಿದ್ದು ಆಂಬ್ರೋಸನ್ನೇನಾ?"

ಡೀಲಿಯಾ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳದೆ, ಮೊದಲ ಸಲ, ಈ ಕಡೆ ತಿರುಗಿ ನಿಂತಳು.